ಮರುಬಳಕೆಯ ಏರ್ ಫಿಲ್ಟರ್ (ಕಾರು)

ಮರುಬಳಕೆಯ ಏರ್ ಫಿಲ್ಟರ್ ಎಂಬುದು ಕಾರಿನ ಎಂಜಿನ್ನಿಗೆ ಹೋಗುವ ಗಾಳಿಯಿಂದ ಧೂಳನ್ನು ಬೇರ್ಪಡಿಸುವ, ಕೊಳೆಯಾದಾಗ ಎಸೆಯದೆ ತೊಳೆದು ಮತ್ತೆ ಕೂರಿಸಬಹುದಾದ ಒಂದು ಬಗೆಯ ಗಾಳಿಶೋಧಕ. ಬಹುತೇಕ ಕಾರುಗಳಿಗೆ ಕಾರ್ಖಾನೆಯಲ್ಲಿ ಅಳವಡಿಸುವುದು ಕಾಗದದ ಫಿಲ್ಟರನ್ನು. ಅದರ ಬದಲಿಗೆ ಹಾಕುವ ಮರುಬಳಕೆಯ ಫಿಲ್ಟರನ್ನು ಮಾಲೀಕರು ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಪ್ರತ್ಯೇಕವಾಗಿ ಕೊಳ್ಳುತ್ತಾರೆ. ಎಣ್ಣೆ ಸವರಿದ ಹತ್ತಿ ಬಟ್ಟೆ, ಎಣ್ಣೆ ಹೀರಿದ ಸ್ಪಂಜು ಮತ್ತು ಒಣ ಕೃತಕ ನಾರು ಇದರ ಮುಖ್ಯ ಬಗೆಗಳು.

ಈ ಫಿಲ್ಟರ್‌ಗಳ ಪರವಾಗಿ ಸಾಮಾನ್ಯವಾಗಿ ಮೂರು ಮಾತುಗಳನ್ನು ಹೇಳಲಾಗುತ್ತದೆ: ಎಂಜಿನ್ನಿನ ಶಕ್ತಿ ಹೆಚ್ಚುತ್ತದೆ, ಮೈಲೇಜ್ ಹೆಚ್ಚುತ್ತದೆ, ಮತ್ತೆ ಮತ್ತೆ ಹೊಸದನ್ನು ಕೊಳ್ಳುವ ಖರ್ಚು ಉಳಿಯುತ್ತದೆ. ಇಂದಿನ ಸಾಮಾನ್ಯ ಕಾರುಗಳ ಮಟ್ಟಿಗೆ ಮೊದಲನೆಯ ಲಾಭ ಅಲ್ಪ, ಎರಡನೆಯದು ನಗಣ್ಯ. ಮೂರನೆಯದು ಬೆಲೆ ಮತ್ತು ಓಡಾಟದ ದೂರವನ್ನು ಅವಲಂಬಿಸಿದೆ. ಈ ಮೂರಕ್ಕಿಂತ ಮುಖ್ಯವಾದ ನಾಲ್ಕನೆಯ ಪ್ರಶ್ನೆಯೆಂದರೆ, ಫಿಲ್ಟರನ್ನು ದಾಟಿ ಎಂಜಿನ್ನಿನೊಳಗೆ ಎಷ್ಟು ಧೂಳು ಹೋಗುತ್ತದೆ ಎಂಬುದು.

## ಶುದ್ಧ ಗಾಳಿಯ ಅಗತ್ಯ

ಪೆಟ್ರೋಲ್ ಎಂಜಿನ್ನಿನಲ್ಲಿ ಒಂದು ಕಿಲೋಗ್ರಾಂ ಇಂಧನ ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಗಾತ್ರದ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ ಬೇಕಾಗುತ್ತದೆ. ಲೀಟರಿಗೆ 15 ಕಿಲೋಮೀಟರ್ ಓಡುವ ಕಾರು 15,000 ಕಿಲೋಮೀಟರ್ ಕ್ರಮಿಸುವಷ್ಟರಲ್ಲಿ ಸುಮಾರು 9,000 ಘನ ಮೀಟರ್ ಗಾಳಿಯನ್ನು ಸೇವಿಸಿರುತ್ತದೆ.

ರಸ್ತೆಯ ಗಾಳಿಯಲ್ಲಿರುವ ಧೂಳಿನ ಪ್ರಮುಖ ಅಂಶ ಸಿಲಿಕಾ, ಅಂದರೆ ಮರಳಿನ ಸೂಕ್ಷ್ಮ ಕಣಗಳು. ಸಿಲಿಕಾದ ಸ್ಫಟಿಕ ರೂಪವಾದ ಕ್ವಾರ್ಟ್ಜ್‌ನ ಗಡಸುತನ ಮೋಸ್ ಮಾಪಕದಲ್ಲಿ 7. ಇದು ಸಾಮಾನ್ಯ ಉಕ್ಕನ್ನೂ ಗೀರಬಲ್ಲದು. ಪಿಸ್ಟನ್ ರಿಂಗಿಗೂ ಸಿಲಿಂಡರಿನ ಗೋಡೆಗೂ ನಡುವೆ ಇರುವ ಎಣ್ಣೆಯ ಪದರ ಕೆಲವೇ ಮೈಕ್ರೋಮೀಟರ್ ದಪ್ಪದ್ದು. ಆ ಪದರಕ್ಕಿಂತ ತುಸು ದೊಡ್ಡದಾದ ಕಣಗಳು ಎರಡೂ ಲೋಹದ ಮೈಗಳನ್ನು ಒಟ್ಟಿಗೆ ಉಜ್ಜುತ್ತವೆ. ಮನುಷ್ಯನ ಕೂದಲಿನ ದಪ್ಪ ಸುಮಾರು 70 ಮೈಕ್ರೋಮೀಟರ್ ಇರುವುದರಿಂದ, ಎಂಜಿನ್ನಿಗೆ ಹೆಚ್ಚು ಹಾನಿ ಮಾಡುವ ಕಣಗಳು ಬರಿಗಣ್ಣಿಗೆ ಕಾಣುವುದಿಲ್ಲ. ಸವೆತ ಹೆಚ್ಚಿದಂತೆ ಎಂಜಿನ್ ಎಣ್ಣೆಯನ್ನು ಸುಡತೊಡಗುತ್ತದೆ. ಸಿಲಿಂಡರಿನ ಸಂಪೀಡನ ಕುಗ್ಗಿ ಶಕ್ತಿಯೂ ಇಳಿಯುತ್ತದೆ. ಟರ್ಬೋ ಅಳವಡಿಸಿದ ಎಂಜಿನ್‌ಗಳಲ್ಲಿ ಧೂಳು ಮೊದಲು ಬಡಿಯುವುದು ಅತಿ ವೇಗದಲ್ಲಿ ತಿರುಗುವ ಸಂಪೀಡಕದ ರೆಕ್ಕೆಗಳಿಗೆ.

## ಇತಿಹಾಸ

ಆರಂಭಕಾಲದ ಅನೇಕ ಮೋಟಾರು ಕಾರುಗಳಲ್ಲಿ ಗಾಳಿಶೋಧಕವೇ ಇರಲಿಲ್ಲ. ಅನಂತರ ಬಳಕೆಗೆ ಬಂದ ಎಣ್ಣೆ ತೊಟ್ಟಿಯ ಫಿಲ್ಟರಿನಲ್ಲಿ ಗಾಳಿಯು ಎಣ್ಣೆ ತುಂಬಿದ ಬಟ್ಟಲಿನ ಮೇಲೆ ಹಾದು ತಟ್ಟನೆ ತಿರುಗುತ್ತಿತ್ತು. ಭಾರವಾದ ಕಣಗಳು ಎಣ್ಣೆಗೆ ಬೀಳುತ್ತಿದ್ದವು, ಉಳಿದವು ಎಣ್ಣೆಯಲ್ಲಿ ನೆನೆದ ಲೋಹದ ಜಾಲರಿಗೆ ಅಂಟುತ್ತಿದ್ದವು. ಬಟ್ಟಲನ್ನು ಬಿಚ್ಚಿ ತೊಳೆದು ಹೊಸ ಎಣ್ಣೆ ತುಂಬುವ ಈ ಪದ್ಧತಿಯನ್ನು ಹಳೆಯ ಟ್ರ್ಯಾಕ್ಟರ್‌ಗಳಲ್ಲಿ ಇಂದಿಗೂ ಕಾಣಬಹುದು. ಹೀಗಾಗಿ ಮರುಬಳಕೆ ಎಂಬುದು ಗಾಳಿಶೋಧಕಗಳ ಇತಿಹಾಸದಲ್ಲಿ ಹೊಸ ಕಲ್ಪನೆಯೇನಲ್ಲ. ನೆರಿಗೆ ಹಿಡಿದ ಕಾಗದದ ಫಿಲ್ಟರ್ ಅದರ ಸ್ಥಾನಕ್ಕೆ ಬಂದದ್ದು ಹಗುರ, ಅಗ್ಗ ಮತ್ತು ಹೆಚ್ಚು ಸೂಕ್ಷ್ಮವಾಗಿ ಸೋಸಬಲ್ಲದು ಎಂಬ ಕಾರಣಕ್ಕೆ.

ಎಣ್ಣೆ ಸವರಿದ ಹತ್ತಿಯ ಫಿಲ್ಟರ್‌ಗೆ ಹೆಸರಾದ ಅಮೆರಿಕದ ಕೆ ಅಂಡ್ ಎನ್ ಸಂಸ್ಥೆ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಬೆಳೆಯಿತು. ಸ್ಥಾಪಕರಾದ ಕೆನ್ ಜಾನ್ಸನ್ ಮತ್ತು ನಾರ್ಮ್ ಮೆಕ್‌ಡೊನಾಲ್ಡ್ ಅವರ ಹೆಸರುಗಳ ಮೊದಲ ಅಕ್ಷರಗಳಿಂದ ಈ ಹೆಸರು ಬಂದಿದೆ. ಮೋಟಾರ್ ಸೈಕಲ್ ಮತ್ತು ಪಂದ್ಯದ ವಾಹನಗಳ ಲೋಕದಲ್ಲಿ ಮೊದಲು ಜನಪ್ರಿಯವಾದ ಈ ಫಿಲ್ಟರ್‌ಗಳು ಕ್ರಮೇಣ ದಿನಬಳಕೆಯ ಕಾರುಗಳಿಗೂ ಬಂದವು. ಪಂದ್ಯದ ಎಂಜಿನ್ ಬಹಳ ಹೊತ್ತು ಪೂರ್ಣ ವೇಗದಲ್ಲಿ ಓಡುತ್ತದೆ ಮತ್ತು ಅದನ್ನು ಆಗಾಗ ಬಿಚ್ಚಿ ದುರಸ್ತಿ ಮಾಡಲಾಗುತ್ತದೆ. ಮನೆಯ ಕಾರಿನ ಎಂಜಿನ್ ಬಿಚ್ಚದೆಯೇ ಲಕ್ಷಾಂತರ ಕಿಲೋಮೀಟರ್ ಬಾಳಬೇಕಾಗುತ್ತದೆ. ಒಂದಕ್ಕೆ ಒಪ್ಪುವ ಆಯ್ಕೆ ಇನ್ನೊಂದಕ್ಕೂ ಒಪ್ಪಬೇಕೆಂದಿಲ್ಲ.

## ಬಗೆಗಳು

* ಎಣ್ಣೆ ಸವರಿದ ಹತ್ತಿ: ಹತ್ತಿ ಬಟ್ಟೆಯ ಹಲವು ತೆಳು ಪದರಗಳನ್ನು ಲೋಹದ ಜಾಲರಿಗಳ ನಡುವೆ ಇಟ್ಟು ನೆರಿಗೆ ಹಿಡಿಯಲಾಗುತ್ತದೆ. ನಾರುಗಳ ನಡುವಿನ ಸಂದು ದೊಡ್ಡದಿದ್ದರೂ ಅವುಗಳ ಮೇಲಿನ ಜಿಗುಟಾದ ಎಣ್ಣೆ ಧೂಳನ್ನು ಹಿಡಿಯುತ್ತದೆ. ಕೆ ಅಂಡ್ ಎನ್ ಮತ್ತು ಇಟಲಿಯ ಬಿಎಂಸಿ ಈ ಬಗೆಯ ಪರಿಚಿತ ತಯಾರಕರು.
* ಎಣ್ಣೆ ಹೀರಿದ ಸ್ಪಂಜು: ಪಾಲಿಯುರೆಥೇನ್ ಸ್ಪಂಜಿನ ದಪ್ಪ ಪದರವಿದು. ಮಣ್ಣಿನ ಹಾದಿಯಲ್ಲಿ ಓಡುವ ಮೋಟಾರ್ ಸೈಕಲ್‌ಗಳಲ್ಲಿ ಇದರ ಬಳಕೆ ಹೆಚ್ಚು. ಬ್ರಿಟನ್ನಿನ ಪೈಪರ್‌ಕ್ರಾಸ್ ಕಾರುಗಳಿಗೂ ಸ್ಪಂಜಿನ ಫಿಲ್ಟರ್‌ಗಳನ್ನು ತಯಾರಿಸುತ್ತದೆ.
* ಒಣ ಕೃತಕ ನಾರು: ಪಾಲಿಯೆಸ್ಟರ್‌ನಂತಹ ನಾರಿನಿಂದ ಮಾಡಿದ ಇದಕ್ಕೆ ಎಣ್ಣೆ ಬೇಕಿಲ್ಲ. ತೊಳೆದು ಒಣಗಿಸಿದರೆ ಸಾಕು.
* ಲೋಹದ ಜಾಲರಿ: ಬರಿಯ ಉಕ್ಕಿನ ಜಾಲರಿಯ ರಂಧ್ರಗಳು ಸೂಕ್ಷ್ಮ ಧೂಳಿಗೆ ತೀರಾ ದೊಡ್ಡವು. ರಸ್ತೆಯ ಕಾರಿಗೆ ಇದು ತಕ್ಕುದಲ್ಲ.

ಕಾರಿನ ಮೂಲ ಫಿಲ್ಟರ್ ಪೆಟ್ಟಿಗೆಯಲ್ಲೇ ಕೂರುವ ಬದಲಿ ಫಿಲ್ಟರಿಗೂ, ಪೆಟ್ಟಿಗೆಯನ್ನೇ ತೆಗೆದು ಕೊಳವೆಯ ತುದಿಗೆ ಸಿಕ್ಕಿಸುವ ಶಂಕುವಿನಾಕಾರದ ತೆರೆದ ಫಿಲ್ಟರಿಗೂ ವ್ಯತ್ಯಾಸವಿದೆ. ತಕ್ಕ ತಡೆಯಿಲ್ಲದೆ ಅಳವಡಿಸಿದ ತೆರೆದ ಫಿಲ್ಟರ್ ಬಾನೆಟ್ಟಿನ ಕೆಳಗಿನ ಬಿಸಿ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಬಿಸಿ ಗಾಳಿಯ ಸಾಂದ್ರತೆ ಕಡಿಮೆಯಾದ್ದರಿಂದ ಶಕ್ತಿ ಹೆಚ್ಚುವ ಬದಲು ಕುಗ್ಗಲೂಬಹುದು.

## ಕಾರ್ಯವಿಧಾನ

ಏರ್ ಫಿಲ್ಟರ್ ಹಿಟ್ಟಿನ ಜರಡಿಯಂತೆ ರಂಧ್ರಕ್ಕಿಂತ ದೊಡ್ಡದನ್ನು ಮಾತ್ರ ತಡೆಯುತ್ತದೆ ಎಂಬ ಭಾವನೆ ಪೂರ್ತಿ ಸರಿಯಲ್ಲ. ನಾರುಗಳ ಸುತ್ತ ಗಾಳಿ ತಿರುಗಿ ಸಾಗುವಾಗ ಭಾರದ ಕಣಗಳು ತಿರುಗಲಾರದೆ ನಾರಿಗೆ ಬಡಿಯುತ್ತವೆ. ಮಧ್ಯಮ ಗಾತ್ರದವು ನಾರಿನ ಪಕ್ಕದಲ್ಲಿ ಹಾದುಹೋಗುವಾಗ ತಗುಲಿ ನಿಲ್ಲುತ್ತವೆ. ಅತಿ ಸಣ್ಣವು ಗಾಳಿಯ ಅಣುಗಳ ತಾಡನದಿಂದ ಅಡ್ಡಾದಿಡ್ಡಿ ಚಲಿಸಿ ನಾರನ್ನು ಮುಟ್ಟುತ್ತವೆ.

ಹೀಗೆ ಹಿಡಿದ ಧೂಳು ಕ್ರಮೇಣ ತಾನೇ ಒಂದು ಶೋಧಕ ಪದರವಾಗುತ್ತದೆ. ಆದ್ದರಿಂದ ಯಾವುದೇ ಫಿಲ್ಟರ್ ಹೊಸದಾಗಿದ್ದಾಗ ತುಸು ಕಡಿಮೆ ದಕ್ಷತೆಯಿಂದಲೂ, ಸ್ವಲ್ಪ ಬಳಸಿದ ಮೇಲೆ ಹೆಚ್ಚು ದಕ್ಷತೆಯಿಂದಲೂ ಸೋಸುತ್ತದೆ. ಅಗತ್ಯಕ್ಕಿಂತ ಹೆಚ್ಚು ಬಾರಿ ಫಿಲ್ಟರನ್ನು ತೊಳೆದರೆ ಅದು ಪದೇ ಪದೇ ತನ್ನ ದುರ್ಬಲ ಸ್ಥಿತಿಗೆ ಮರಳುತ್ತದೆ. ಮೇಲ್ಮೈ ಕಂದಾದ ಮಾತ್ರಕ್ಕೆ ಫಿಲ್ಟರ್ ಕೆಟ್ಟಿತು ಎನ್ನಲಾಗದು.

## ದಕ್ಷತೆಯ ಅಳತೆ

ವಾಹನಗಳ ಏರ್ ಫಿಲ್ಟರ್‌ಗಳನ್ನು ಪರೀಕ್ಷಿಸುವ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 5011. ನಿಗದಿತ ಗಾತ್ರಗಳ ಪರೀಕ್ಷಾ ಧೂಳನ್ನು ಗಾಳಿಯೊಡನೆ ಹಾಯಿಸಿ, ಫಿಲ್ಟರ್ ತಡೆದ ಧೂಳಿನ ತೂಕ, ಗಾಳಿಗೆ ಒಡ್ಡುವ ಅಡ್ಡಿ ಮತ್ತು ಅಡ್ಡಿ ಮಿತಿಮೀರುವ ಮುನ್ನ ಹಿಡಿಯಬಲ್ಲ ಒಟ್ಟು ಧೂಳು ಎಂಬ ಮೂರನ್ನು ಅಳೆಯಲಾಗುತ್ತದೆ. ಪರೀಕ್ಷಾ ಧೂಳಿನ ಶ್ರೇಣಿಗಳನ್ನು ಐಎಸ್‌ಒ 12103-1 ಮಾನಕ ನಿರೂಪಿಸುತ್ತದೆ. ಒರಟು ಧೂಳಿನಲ್ಲಿ ಬಂದ ದಕ್ಷತೆಯನ್ನು ನುಣುಪು ಧೂಳಿನಲ್ಲಿ ಬಂದ ದಕ್ಷತೆಯೊಡನೆ ಹೋಲಿಸುವುದು ತಪ್ಪಾಗುತ್ತದೆ.

ಉತ್ತಮ ಕಾಗದದ ಫಿಲ್ಟರ್‌ಗಳ ದಕ್ಷತೆ ಶೇ. 99 ಅಥವಾ ಅದಕ್ಕಿಂತ ಹೆಚ್ಚು. ಎಣ್ಣೆ ಸವರಿದ ಹತ್ತಿಯ ಫಿಲ್ಟರ್‌ಗಳ ವಿಷಯದಲ್ಲಿ ಪ್ರಕಟಿತ ಅಂಕಿಗಳು ಸಾಮಾನ್ಯವಾಗಿ ಶೇ. 96ರಿಂದ 99ರ ನಡುವೆ ಇರುತ್ತವೆ. ಶೇ. 99 ಮತ್ತು ಶೇ. 97ರ ನಡುವಿನ ಅಂತರ ನೋಡಲು ಸಣ್ಣದು. ಎಂಜಿನ್ನಿನ ದೃಷ್ಟಿಯಿಂದ ಲೆಕ್ಕಕ್ಕೆ ಬರುವುದು ತಡೆದ ಧೂಳಲ್ಲ, ದಾಟಿ ಹೋದ ಧೂಳು. ಮೇಲಿನ ಉದಾಹರಣೆಯ ಕಾರು ಪ್ರತಿ ಘನ ಮೀಟರಿಗೆ 1 ಮಿಲಿಗ್ರಾಂ ಧೂಳಿರುವ ಮಣ್ಣಿನ ರಸ್ತೆಗಳಲ್ಲಿ 15,000 ಕಿಲೋಮೀಟರ್ ಓಡಿತೆಂದು ಭಾವಿಸಿದರೆ, ಫಿಲ್ಟರಿಗೆ ಬರುವ ಒಟ್ಟು ಧೂಳು 9 ಗ್ರಾಂ. ಒಳಹೋಗುವ ಧೂಳಿನ ಲೆಕ್ಕ ಹೀಗಿರುತ್ತದೆ:

* ಶೇ. 99.5 ದಕ್ಷತೆ: 45 ಮಿಲಿಗ್ರಾಂ
* ಶೇ. 99 ದಕ್ಷತೆ: 90 ಮಿಲಿಗ್ರಾಂ
* ಶೇ. 97 ದಕ್ಷತೆ: 270 ಮಿಲಿಗ್ರಾಂ

ಶೇ. 97ರ ಫಿಲ್ಟರ್ ಶೇ. 99ರದ್ದಕ್ಕಿಂತ ಮೂರು ಪಟ್ಟು, ಶೇ. 99.5ರದ್ದಕ್ಕಿಂತ ಆರು ಪಟ್ಟು ಧೂಳನ್ನು ಒಳಗೆ ಬಿಡುತ್ತದೆ. ಟಾರು ರಸ್ತೆಯ ಶುದ್ಧ ಗಾಳಿಯಲ್ಲಿ ಮೂಲ ಧೂಳೇ ಕಡಿಮೆಯಿರುವುದರಿಂದ ಈ ವ್ಯತ್ಯಾಸದ ಪರಿಣಾಮ ಕಾಣದೆಯೇ ಹೋಗಬಹುದು. ಗಣಿ ಪ್ರದೇಶ, ಕಲ್ಲುಕ್ವಾರಿ, ಕಾಮಗಾರಿ ನಡೆಯುವ ಹೆದ್ದಾರಿ ಮತ್ತು ಹಳ್ಳಿಯ ಮಣ್ಣಿನ ದಾರಿಗಳಲ್ಲಿ ಹಾಗಲ್ಲ. ಕರ್ನಾಟಕದ ಸಂಡೂರು, ಹೊಸಪೇಟೆಯಂತಹ ಕಬ್ಬಿಣದ ಅದಿರಿನ ಪ್ರದೇಶಗಳ ರಸ್ತೆಗಳು ಇದಕ್ಕೆ ಉದಾಹರಣೆ. ಅಲ್ಲಿ ಓಡುವ ಕಾರಿಗೆ ಗಾಳಿಯ ಹರಿವಿಗಿಂತ ಶೋಧನೆಯ ದಕ್ಷತೆಯೇ ಮುಖ್ಯ.

ದಕ್ಷತೆ ಎಷ್ಟೇ ಇದ್ದರೂ ಫಿಲ್ಟರಿನ ಅಂಚು ಪೆಟ್ಟಿಗೆಯಲ್ಲಿ ಬಿಗಿಯಾಗಿ ಕೂರದಿದ್ದರೆ ಪ್ರಯೋಜನವಿಲ್ಲ. ಸಂದಿಯಿಂದ ನುಗ್ಗುವ ಗಾಳಿ ಸೋಸದೆಯೇ ಎಂಜಿನ್ನಿಗೆ ಹೋಗುತ್ತದೆ. ಫಿಲ್ಟರಿನ ನಂತರದ ಕೊಳವೆಯ ಒಳಮೈಯನ್ನು ಬಿಳಿ ಬಟ್ಟೆಯಿಂದ ಒರೆಸಿದಾಗ ಧೂಳು ಅಂಟಿದರೆ ಸೋರಿಕೆಯಿದೆ ಎಂದೋ, ಶೋಧನೆ ಸಾಲದೆಂದೋ ತಿಳಿಯಬಹುದು. ಬಳಸಿದ ಎಂಜಿನ್ ಎಣ್ಣೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಸಿಲಿಕಾನ್ ಪ್ರಮಾಣ ಏರುತ್ತಾ ಹೋಗುವುದೂ ಧೂಳು ಒಳಸೇರುತ್ತಿರುವುದರ ಸೂಚನೆಯಾಗಬಲ್ಲದು.

## ಶಕ್ತಿಯ ಮೇಲಿನ ಪರಿಣಾಮ

ಫಿಲ್ಟರನ್ನು ಹಾದುಹೋಗುವಾಗ ಗಾಳಿಯ ಒತ್ತಡ ತುಸು ಇಳಿಯುತ್ತದೆ. ಸಮುದ್ರಮಟ್ಟದ ವಾತಾವರಣದ ಒತ್ತಡ ಸುಮಾರು 101 ಕಿಲೋಪಾಸ್ಕಲ್. ಬದಲಿ ಫಿಲ್ಟರಿನಿಂದ ಪೂರ್ಣ ವೇಗದಲ್ಲಿ ಅರ್ಧ ಕಿಲೋಪಾಸ್ಕಲ್ ಉಳಿದರೂ ಎಂಜಿನ್ನಿಗೆ ದೊರೆಯುವ ಗಾಳಿ ಹೆಚ್ಚುವುದು ಶೇ. 0.5ರಷ್ಟು ಮಾತ್ರ. ಇದನ್ನು ಇನ್ನೊಂದು ವ್ಯತ್ಯಾಸದೊಡನೆ ಹೋಲಿಸಬಹುದು. ಕಡಲತೀರದ ಮಂಗಳೂರಿನಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿಗೆ ಬಂದರೆ ಗಾಳಿಯ ಒತ್ತಡವೇ ಸುಮಾರು 10 ಕಿಲೋಪಾಸ್ಕಲ್ ಕಡಿಮೆಯಾಗುತ್ತದೆ. ಘಟ್ಟ ಹತ್ತಿ ಬಂದ ಈ ದೊಡ್ಡ ಬದಲಾವಣೆಯನ್ನೇ ಬಹುತೇಕ ಚಾಲಕರು ಗಮನಿಸುವುದಿಲ್ಲ.

ಊರೊಳಗಿನ ಸಾಮಾನ್ಯ ಚಾಲನೆಯಲ್ಲಿ ಈ ಅಲ್ಪ ಲಾಭವೂ ಇಲ್ಲವಾಗುತ್ತದೆ. ಪೆಟ್ರೋಲ್ ಎಂಜಿನ್ನಿನ ಥ್ರಾಟಲ್ ಕವಾಟ ಅರೆ ತೆರೆದಿರುವಾಗ ಅದೇ ಗಾಳಿಗೆ ಎಲ್ಲಕ್ಕಿಂತ ದೊಡ್ಡ ಅಡ್ಡಿ. ಫಿಲ್ಟರಿನ ಅಡ್ಡಿ ಕಡಿಮೆಯಾದರೆ ಚಾಲಕ ಅದೇ ವೇಗಕ್ಕೆ ಪೆಡಲನ್ನು ಕೂದಲೆಳೆಯಷ್ಟು ಕಡಿಮೆ ಒತ್ತುತ್ತಾನೆ, ಅಷ್ಟೆ. ಫಿಲ್ಟರ್ ಬದಲಿಸಿದ ಬಳಿಕ ಕಾರು ಚುರುಕಾಯಿತೆಂದು ಅನೇಕರಿಗೆ ಅನ್ನಿಸಲು ಎರಡು ಕಾರಣಗಳಿರಬಹುದು: ಗಾಳಿ ಎಳೆಯುವ ಸದ್ದು ಹೆಚ್ಚು ಕೇಳಿಸುವುದು, ಮತ್ತು ಕಟ್ಟಿಕೊಂಡಿದ್ದ ಹಳೆಯ ಫಿಲ್ಟರಿನೊಡನೆ ಹೊಸದನ್ನು ಹೋಲಿಸುವುದು. ಎರಡನೆಯ ಸಂದರ್ಭದಲ್ಲಿ ಹೊಸ ಕಾಗದದ ಫಿಲ್ಟರ್ ಹಾಕಿದ್ದರೂ ಬಹುಮಟ್ಟಿಗೆ ಅದೇ ಅನುಭವವಾಗುತ್ತಿತ್ತು.

## ಮೈಲೇಜಿನ ಮೇಲಿನ ಪರಿಣಾಮ

ಹಳೆಯ ಕಾರ್ಬ್ಯುರೇಟರ್ ಎಂಜಿನ್‌ಗಳಲ್ಲಿ ಫಿಲ್ಟರ್ ಕಟ್ಟಿಕೊಂಡರೆ ಗಾಳಿಗೆ ಹೋಲಿಸಿದರೆ ಇಂಧನ ಹೆಚ್ಚಾಗಿ ಪೆಟ್ರೋಲ್ ವ್ಯರ್ಥವಾಗುತ್ತಿತ್ತು. ಇಂದಿನ ಎಂಜಿನ್‌ಗಳಲ್ಲಿ ಗಣಕ ನಿಯಂತ್ರಕವು ಒಳಬರುವ ಗಾಳಿಯನ್ನೂ ಹೊಗೆಯಲ್ಲಿನ ಆಮ್ಲಜನಕವನ್ನೂ ಅಳೆದು ತಕ್ಕಷ್ಟೇ ಇಂಧನವನ್ನು ಸಿಂಪಡಿಸುತ್ತದೆ. ಗಾಳಿ ಕಡಿಮೆಯಾದರೆ ಇಂಧನವೂ ಕಡಿಮೆಯಾಗುತ್ತದೆ.

ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯವು 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಪರೀಕ್ಷಿಸಿತು. ಇಂಧನ ಸಿಂಪಡಿಕೆಯ ಆಧುನಿಕ ಪೆಟ್ರೋಲ್ ಕಾರುಗಳಲ್ಲಿ ಫಿಲ್ಟರನ್ನು ಬೇಕೆಂದೇ ಕಟ್ಟಿಸಿದಾಗಲೂ ಮೈಲೇಜಿನಲ್ಲಿ ಗಣನೀಯ ಇಳಿಕೆ ಕಂಡುಬರಲಿಲ್ಲ. ವೇಗ ಹೆಚ್ಚಿಸಿಕೊಳ್ಳಲು ತಗಲುವ ಸಮಯ ಮಾತ್ರ ಹೆಚ್ಚಿತು. ಕಟ್ಟಿಕೊಂಡ ಫಿಲ್ಟರನ್ನು ಬದಲಿಸುವುದರಿಂದ ಈ ಸಮಯ ಶೇ. 6ರಿಂದ 11ರಷ್ಟು ಸುಧಾರಿಸಬಹುದೆಂದು ಅಮೆರಿಕ ಸರ್ಕಾರದ ಇಂಧನ ಮಾಹಿತಿ ತಿಳಿಸುತ್ತದೆ. ಕೊಳೆಯಾದ ಕಾಗದವೇ ಮೈಲೇಜನ್ನು ಕುಗ್ಗಿಸದಿರುವಾಗ, ಸ್ವಚ್ಛ ಕಾಗದದ ಬದಲು ಸ್ವಚ್ಛ ಹತ್ತಿಯನ್ನು ಹಾಕಿ ಮೈಲೇಜ್ ಹೆಚ್ಚಿಸಿಕೊಳ್ಳುವ ಅವಕಾಶ ತೀರಾ ಕಡಿಮೆ.

## ಎಣ್ಣೆ ಮತ್ತು ಗಾಳಿಯ ಸಂವೇದಕ

ಅನೇಕ ಕಾರುಗಳಲ್ಲಿ ಫಿಲ್ಟರಿನ ಬೆನ್ನಿಗೇ ಗಾಳಿಯ ಹರಿವನ್ನು ಅಳೆಯುವ ಸಂವೇದಕವಿರುತ್ತದೆ. ಅದರ ಬಿಸಿ ತಂತಿ ಅಥವಾ ಬಿಸಿ ಪೊರೆಯ ಮೇಲೆ ಎಣ್ಣೆಯ ಲೇಪ ಕೂತರೆ ಅಳತೆ ತಪ್ಪುತ್ತದೆ. ಎಂಜಿನ್ ಅಸಮವಾಗಿ ಓಡುವುದು, ಎಂಜಿನ್ ಎಚ್ಚರಿಕೆ ದೀಪ ಹೊತ್ತುವುದು ಇದರ ಲಕ್ಷಣಗಳು. ಫಿಲ್ಟರಿಗೆ ಅತಿಯಾಗಿ ಎಣ್ಣೆ ಹಾಕಿದಾಗ ಈ ಅಪಾಯ ಹೆಚ್ಚು. ಸರಿಯಾದ ಪ್ರಮಾಣದಲ್ಲಿ ಹಾಕಿದರೆ ಎಣ್ಣೆ ಹೊರಹಾರುವುದಿಲ್ಲವೆಂಬುದು ಫಿಲ್ಟರ್ ತಯಾರಕರ ವಾದ. ಒಣ ಕೃತಕ ನಾರಿನ ಫಿಲ್ಟರಿನಲ್ಲಿ ಈ ಪ್ರಶ್ನೆಯೇ ಇಲ್ಲ. ಗಾಳಿಯ ಹರಿವಿನ ಬದಲು ಒಳಕೊಳವೆಯ ಒತ್ತಡವನ್ನು ಅಳೆಯುವ ಕಾರುಗಳಲ್ಲಿ ಬಿಸಿ ತಂತಿಯೇ ಇರುವುದಿಲ್ಲ.

## ವೆಚ್ಚದ ಲೆಕ್ಕ

ಉಳಿತಾಯದ ಲೆಕ್ಕಕ್ಕೆ ಬೇಕಾದವು ನಾಲ್ಕು: ಎರಡೂ ಫಿಲ್ಟರ್‌ಗಳ ಬೆಲೆ, ಕಾಗದದ್ದನ್ನು ಬದಲಿಸುವ ಅಂತರ, ತೊಳೆಯುವ ಖರ್ಚು ಮತ್ತು ಕಾರನ್ನು ಇಟ್ಟುಕೊಳ್ಳುವ ಅವಧಿ. ಲೆಕ್ಕದ ಅನುಕೂಲಕ್ಕಾಗಿ ಕಾಗದದ ಫಿಲ್ಟರಿಗೆ 400 ರೂಪಾಯಿ, ಬದಲಿಸುವ ಅಂತರ 20,000 ಕಿಲೋಮೀಟರ್, ಮರುಬಳಕೆಯದಕ್ಕೆ 5,000 ರೂಪಾಯಿ, ಅದೇ ಅಂತರದಲ್ಲಿ ಒಮ್ಮೆ ತೊಳೆದು ಎಣ್ಣೆ ಹಾಕಲು 100 ರೂಪಾಯಿ ಎಂದು ಇಟ್ಟುಕೊಳ್ಳೋಣ.

ಆರಂಭದ ಹೆಚ್ಚುವರಿ ವೆಚ್ಚ 4,600 ರೂಪಾಯಿ. ಪ್ರತಿ 20,000 ಕಿಲೋಮೀಟರಿಗೆ ಉಳಿಯುವುದು 300 ರೂಪಾಯಿ. ಹಾಕಿದ ಹಣ ಮರಳಲು ಹದಿನೈದಕ್ಕೂ ಹೆಚ್ಚು ಬದಲಾವಣೆಗಳು, ಅಂದರೆ 3 ಲಕ್ಷ ಕಿಲೋಮೀಟರಿಗೂ ಹೆಚ್ಚಿನ ಓಡಾಟ ಬೇಕು. ವರ್ಷಕ್ಕೆ 12,000 ಕಿಲೋಮೀಟರ್ ಓಡುವ ಕಾರಿಗೆ ಇದು 25 ವರ್ಷಗಳ ಮಾತು. ಭಾರತದಲ್ಲಿ ಖಾಸಗಿ ಕಾರಿನ ಮೊದಲ ನೋಂದಣಿಯ ಅವಧಿಯೇ 15 ವರ್ಷ.

ಮರುಬಳಕೆಯ ಫಿಲ್ಟರಿನ ಬೆಲೆ ಕಾಗದದ್ದರ ಮೂರು ನಾಲ್ಕು ಪಟ್ಟು ಮಾತ್ರ ಇರುವ ಕಡೆ, ಅಥವಾ ಧೂಳಿನ ಕಾರಣದಿಂದ ಕಾಗದವನ್ನು ಬಹಳ ಬೇಗ ಬದಲಿಸಬೇಕಾದ ಕಡೆ ಹಣ ಬೇಗ ಮರಳುತ್ತದೆ. ಆದರೆ ಇಲ್ಲೊಂದು ತೊಡಕಿದೆ. ಧೂಳು ಹೆಚ್ಚಿರುವಲ್ಲಿ ಹಣದ ಲೆಕ್ಕ ಮರುಬಳಕೆಯತ್ತ ವಾಲುತ್ತದೆ. ಶೋಧನೆಯ ದಕ್ಷತೆ ಅತ್ಯಂತ ಮುಖ್ಯವಾಗುವುದೂ ಅಲ್ಲಿಯೇ. ಕೆಲವು ನೂರು ರೂಪಾಯಿಯ ಉಳಿತಾಯವನ್ನು ಎಂಜಿನ್ ದುರಸ್ತಿಯ ವೆಚ್ಚದ ಎದುರು ಇಟ್ಟು ತೂಗಬೇಕಾಗುತ್ತದೆ.

## ನಿರ್ವಹಣೆ

ಎಣ್ಣೆ ಸವರುವ ಹತ್ತಿಯ ಫಿಲ್ಟರನ್ನು ತೊಳೆಯುವ ಸಾಮಾನ್ಯ ಕ್ರಮ ಹೀಗಿದೆ; ತಯಾರಕರ ಸೂಚನೆ ಭಿನ್ನವಾಗಿದ್ದರೆ ಅದನ್ನೇ ಅನುಸರಿಸಬೇಕು.

1. ಫಿಲ್ಟರನ್ನು ಹೊರತೆಗೆದು ಮೆಲ್ಲಗೆ ತಟ್ಟಿ ಸಡಿಲ ಧೂಳನ್ನು ಉದುರಿಸಬೇಕು. ಪೆಟ್ಟಿಗೆಯೊಳಗಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು.
2. ಅದಕ್ಕೆಂದೇ ಇರುವ ಶುಚಿಕಾರಕವನ್ನು ಸಿಂಪಡಿಸಿ, ಒಣಗುವ ಮುನ್ನ ಕೆಲವು ನಿಮಿಷ ನೆನೆಯಲು ಬಿಡಬೇಕು. ಪೆಟ್ರೋಲ್ ಅಥವಾ ತೀಕ್ಷ್ಣ ದ್ರಾವಕ ಬಳಸಬಾರದು.
3. ಸ್ವಚ್ಛ ಬದಿಯಿಂದ ಕೊಳೆಯ ಬದಿಗೆ ಹರಿಯುವಂತೆ ನಲ್ಲಿಯ ಮೆದು ಧಾರೆಯಲ್ಲಿ ತೊಳೆಯಬೇಕು. ಅಧಿಕ ಒತ್ತಡದ ನೀರು ನೆರಿಗೆಗಳನ್ನು ಹರಿಯುತ್ತದೆ.
4. ನೆರಳಿನಲ್ಲಿ ತಾನಾಗಿ ಒಣಗಲು ಬಿಡಬೇಕು. ಕಂಪ್ರೆಸರ್ ಗಾಳಿ ಅಥವಾ ಬಿಸಿ ಗಾಳಿಯಿಂದ ಒಣಗಿಸಬಾರದು.
5. ಪೂರ್ತಿ ಒಣಗಿದ ಮೇಲೆ ಪ್ರತಿ ನೆರಿಗೆಗೂ ತೆಳುವಾಗಿ ಎಣ್ಣೆ ಹಾಕಿ, ಅದು ಸಮನಾಗಿ ಹರಡುವವರೆಗೆ ಕಾಯಬೇಕು. ಬಣ್ಣ ಕಾಣದ ಕಡೆ ಮತ್ತೆ ಸ್ವಲ್ಪ ಹಾಕಿ, ಹೆಚ್ಚಾದುದನ್ನು ಒರೆಸಬೇಕು.

ಈ ಕೆಲಸಕ್ಕೆ ಕೆಲವು ಗಂಟೆ ಹಿಡಿಯುವುದರಿಂದ ಅಷ್ಟು ಹೊತ್ತು ಕಾರು ನಿಂತಿರಬೇಕು. ಫಿಲ್ಟರ್ ಇಲ್ಲದೆ ಎಂಜಿನ್ ಓಡಿಸಬಾರದು. ಸರ್ವಿಸ್ ಕೇಂದ್ರದಲ್ಲಿ ಅಭ್ಯಾಸಬಲದಿಂದ ಕಂಪ್ರೆಸರ್ ಗಾಳಿ ಊದದಂತೆ ಮೊದಲೇ ತಿಳಿಸಬೇಕಾಗುತ್ತದೆ.

ಕಾಗದದ ಫಿಲ್ಟರನ್ನು ತೊಳೆಯಬಾರದು. ಒದ್ದೆಯಾದ ಕಾಗದದ ನಾರು ಸಡಿಲಗೊಂಡು ಶೋಧನಶಕ್ತಿ ಕುಗ್ಗುತ್ತದೆ. ಹೆಚ್ಚಿನ ಒತ್ತಡದ ಗಾಳಿಯನ್ನು ಹತ್ತಿರದಿಂದ ಊದಿದರೂ ಕಾಗದದಲ್ಲಿ ಕಣ್ಣಿಗೆ ಕಾಣದ ತೂತುಗಳಾಗಬಹುದು.

## ವಾರಂಟಿ

ಅಮೆರಿಕದಲ್ಲಿ 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆಯ ಪ್ರಕಾರ, ಬೇರೆ ತಯಾರಕರ ಭಾಗ ಬಳಸಿದ ಒಂದೇ ಕಾರಣಕ್ಕೆ ವಾರಂಟಿಯನ್ನು ನಿರಾಕರಿಸುವಂತಿಲ್ಲ; ಹಾನಿ ಆ ಭಾಗದಿಂದಲೇ ಆಗಿದ್ದರೆ ಮಾತು ಬೇರೆ. ಭಾರತದಲ್ಲಿ ಸ್ಪರ್ಧಾ ಆಯೋಗವು 2014ರಲ್ಲಿ ಹದಿನಾಲ್ಕು ಕಾರು ಕಂಪನಿಗಳ ವಿರುದ್ಧ ಬಿಡಿಭಾಗಗಳ ಮಾರಾಟದ ಕುರಿತು ನೀಡಿದ ಆದೇಶದಲ್ಲಿ, ಸ್ವತಂತ್ರ ಗ್ಯಾರೇಜಿನಲ್ಲಿ ದುರಸ್ತಿ ಮಾಡಿಸಿದರೆ ವಾರಂಟಿ ಸಾರಾಸಗಟಾಗಿ ರದ್ದಾಗುತ್ತದೆ ಎಂಬ ಷರತ್ತನ್ನು ಆಕ್ಷೇಪಿಸಿತು. ಈ ಆದೇಶವನ್ನು ಕಂಪನಿಗಳು ಮೇಲಿನ ಹಂತಗಳಲ್ಲಿ ಪ್ರಶ್ನಿಸಿದವು. ವ್ಯವಹಾರದಲ್ಲಿ ಕಾರಿನೊಡನೆ ಬಂದ ವಾರಂಟಿ ಪತ್ರದ ಷರತ್ತುಗಳನ್ನು ಓದಿಕೊಳ್ಳುವುದೂ, ತೆಗೆದ ಮೂಲ ಫಿಲ್ಟರನ್ನೂ ಖರೀದಿಯ ರಸೀದಿಯನ್ನೂ ಇಟ್ಟುಕೊಳ್ಳುವುದೂ ಸುರಕ್ಷಿತ.

## ಪರಿಸರ

ಮರುಬಳಕೆಯಿಂದ ಕಸದ ಪ್ರಮಾಣ ತಗ್ಗುತ್ತದೆ ಎಂಬುದು ನಿಜ. ಆದರೆ ಪ್ರತಿ ತೊಳೆತಕ್ಕೂ ನೀರು, ಶುಚಿಕಾರಕ ಮತ್ತು ಎಣ್ಣೆ ಬೇಕು. ಎಣ್ಣೆ ಬೆರೆತ ಕೊಳೆನೀರು ಚರಂಡಿಗೆ ಸೇರುತ್ತದೆ. ಕೆಲವು ವರ್ಷಗಳಿಗೊಮ್ಮೆ ಎಸೆಯುವ ಒಂದು ಕಾಗದದ ಫಿಲ್ಟರಿನ ಕಸ, ಅದೇ ಅವಧಿಯಲ್ಲಿ ಕಾರು ಸುಡುವ ಇಂಧನದ ಎದುರು ಬಹಳ ಅಲ್ಪ.

## ಆಯ್ಕೆಯ ಅಂಶಗಳು

ಕಾರ್ಖಾನೆಯ ಸ್ಥಿತಿಯಲ್ಲೇ ಇರುವ, ಊರೊಳಗೆ ಮತ್ತು ಹೆದ್ದಾರಿಯಲ್ಲಿ ಓಡುವ ಕಾರಿಗೆ ಕೈಪಿಡಿಯಲ್ಲಿ ಹೇಳಿದ ಅಂತರದಲ್ಲಿ ಒಳ್ಳೆಯ ಕಾಗದದ ಫಿಲ್ಟರನ್ನು ಬದಲಿಸುವುದೇ ಸಾಮಾನ್ಯವಾಗಿ ಮಿತವ್ಯಯದ ಮತ್ತು ಸುರಕ್ಷಿತವಾದ ದಾರಿ. ಧೂಳಿನ ದಾರಿಯಲ್ಲಿ ಓಡುವ ಕಾರಿಗೆ ಆ ಅಂತರವನ್ನು ತಗ್ಗಿಸಿಕೊಳ್ಳಬೇಕು. ಪಂದ್ಯಕ್ಕಾಗಿ ಮಾರ್ಪಡಿಸಿದ ಎಂಜಿನ್ನಿಗೆ, ಬದಲಿ ಕಾಗದದ ಫಿಲ್ಟರ್ ಸುಲಭವಾಗಿ ದೊರೆಯದ ಹಳೆಯ ಅಥವಾ ವಿರಳ ಮಾದರಿಯ ಕಾರಿಗೆ, ಹಾಗೂ ಬಹು ದೂರ ಓಡಿಸುತ್ತಾ ತೊಳೆಯುವ ಕೆಲಸವನ್ನು ತಾವೇ ಶ್ರದ್ಧೆಯಿಂದ ಮಾಡಬಲ್ಲವರಿಗೆ ಮರುಬಳಕೆಯ ಫಿಲ್ಟರ್ ಒಪ್ಪುತ್ತದೆ.

ಕೊಳ್ಳುವ ಮುನ್ನ ಕೇಳಬೇಕಾದದ್ದು ಎಷ್ಟು ಗಾಳಿ ಬಿಡುತ್ತದೆ ಎಂದಷ್ಟೇ ಅಲ್ಲ. ಐಎಸ್‌ಒ 5011 ಪರೀಕ್ಷೆಯಲ್ಲಿ, ಯಾವ ಶ್ರೇಣಿಯ ಧೂಳಿನಲ್ಲಿ, ಶೇಕಡಾ ಎಷ್ಟು ದಕ್ಷತೆ ಬಂದಿದೆ ಎಂಬ ವಿವರವನ್ನು ನೋಡಬೇಕು. ಆ ಅಂಕಿಯನ್ನು ನೂರರಿಂದ ಕಳೆದಾಗ ಉಳಿಯುವುದು ಎಂಜಿನ್ನಿನ ಪಾಲಿಗೆ ಬರುವ ಧೂಳು. ದಕ್ಷತೆಯನ್ನು ಪ್ರಕಟಿಸದ ಫಿಲ್ಟರನ್ನೂ, ಹೆಸರಾಂತ ಸಂಸ್ಥೆಗಳ ಹೆಸರಿನಲ್ಲಿ ಬರುವ ನಕಲಿಗಳನ್ನೂ ದೂರವಿಡುವುದು ಲೇಸು. ಈ ಎಚ್ಚರ ಕಾಗದದ ಫಿಲ್ಟರಿಗೂ ಅನ್ವಯಿಸುತ್ತದೆ.